ಜಗಲಿಯ ಕೂಟ

‘ಸೊಕ್ಕಿದ್ದವ ಯಾಣಕ್ಕೆ ಹೋಗಬೇಕು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗಬೇಕು’ ಎಂದು ನಮ್ಮ ಉತ್ತರ ಕನ್ನಡದಲ್ಲಿ ಒಂದು ಗಾದೆಯುಂಟು. ಗೋಕರ್ಣದ ಖರ್ಚಿನ ವಿಚಾರ ಹಾಗಿರಲಿ. ಯಾಣದ ದಾರಿ ಮಾತ್ರ ಮೈಯಲ್ಲಿ ಕಸುವುಳ್ಳವರದೇ ಆಗಿತ್ತೆಂಬುದು ನಿಜ. ಕುಮಟೆ–ಶಿರಸಿಗಳ ನಡುವಣ ಕಾಡಿನಲ್ಲಿ 120 ಮೀಟರು ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎಂಬ ಎರಡು ಕಪ್ಪು ಬಂಡೆಗಳು ಮುಗಿಲಿಗೆ ಮುಖ ಮಾಡಿ ನಿಂತಿವೆ. 1996ರಲ್ಲಿ ತೆರೆ ಕಂಡ ‘ನಮ್ಮೂರ ಮಂದಾರ ಹೂವೆ’ ಚಿತ್ರ ಈ ಬಂಡೆಗಳನ್ನು ನಾಡಿಗೆಲ್ಲ ತೋರಿಸಿತು. ಈಗ ಮೋಟಾರು ಹತ್ತಿರದವರೆಗೂ ಹೋಗುತ್ತದೆ. ಸೊಕ್ಕಿಲ್ಲದವರೂ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಯಾಣದ ಸ್ಥಳಪುರಾಣ ಎಲ್ಲರಿಗೂ ತಿಳಿದದ್ದೇ. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿಯಾಗಬೇಕೆಂಬ ವರ ಪಡೆದ ಭಸ್ಮಾಸುರ, ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ವಿಷ್ಣು ಮೋಹಿನಿಯಾಗಿ ಎದುರು ನಿಂತು ಕುಣಿದ. ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಾಕುತ್ತ ಅಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಉರಿದುಹೋದ. ಅಲ್ಲಿಯ ಮಣ್ಣು ಕಪ್ಪಾಗಿರುವುದು ಆ ಬೆಂಕಿಯಿಂದ ಎಂದು ಜನ ಹೇಳುತ್ತಾರೆ. ಶಿವರಾತ್ರಿಯ ಹತ್ತು ದಿನಗಳ ಉತ್ಸವದಲ್ಲಿ ತೇರಿನ ಜೊತೆಗೆ ಯಕ್ಷಗಾನವೂ ಇಲ್ಲಿ ನಡೆದು ಬಂದಿದೆ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರನನ್ನು ರಂಗದ ಮೇಲೆ ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ನನಗೆ ಈ ಕಥೆಯಲ್ಲಿ ಸೋಜಿಗವಾಗಿ ಕಾಣುವುದು ಬೇರೊಂದು ಸಂಗತಿ. ಲೆಕ್ಕ ಹಾಕಿದರೆ ಇದಕ್ಕಿಂತ ಸಣ್ಣ ಆಟ ಇನ್ನೊಂದಿರಲಾರದು. ಕುಣಿದವಳು ಒಬ್ಬಳು, ನೋಡಿದವನು ಒಬ್ಬ. ಅಷ್ಟು ಹತ್ತಿರ ನಿಂತು ನೋಡಿದವನು ನೋಡುಗನಾಗಿಯೇ ಉಳಿಯಲಾರದೆ ಹೋದ, ಅವನೂ ಕುಣಿದ. ದೊಡ್ಡ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ ಭಸ್ಮಾಸುರ ಬದುಕಿಕೊಳ್ಳುತ್ತಿದ್ದನೋ ಏನೋ! ಕಥೆ ಕಟ್ಟಿದವರಿಗೆ ಈ ಅಭಿಪ್ರಾಯವಿತ್ತೆಂದು ನಾನು ಸಾಧಿಸಹೊರಟಿಲ್ಲ. ಆದರೆ ಯಾಣದ ಸುತ್ತಿನ ಕುಮಟೆ, ಹೊನ್ನಾವರ, ಭಟ್ಕಳದ ಸೀಮೆಯಲ್ಲಿ ಹಾಡಿನ ಸಣ್ಣ ಕೂಟಗಳು ಬಾಳಿ ಬಂದ ಬಗೆಯನ್ನು ನೋಡುವಾಗ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಸಣ್ಣ ಕೂಟದಲ್ಲಿ ಕೇಳುವವನು ಬರಿಯ ಕೇಳುವವನಲ್ಲ; ಅರ್ಧ ಕೆಲಸ ಅವನದು.

ಆ ಕೂಟಗಳಲ್ಲಿ ಮುಖ್ಯವಾದುದು ತಾಳಮದ್ದಳೆ. ಪಟ್ಟಣದ ಓದುಗರಲ್ಲಿ ಅದನ್ನು ಕಾಣದವರಿರಬಹುದಾದ್ದರಿಂದ ಎರಡು ಮಾತು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಈ ಮೂರನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ನಡುವೆ ಭಾಗವತರು, ಅವರ ಕೈಯಲ್ಲಿ ತಾಳ, ಮುಂದೆ ಪ್ರಸಂಗದ ಪುಸ್ತಕ. ಪಕ್ಕದಲ್ಲಿ ಮದ್ದಳೆಗಾರ, ಶ್ರುತಿಗೆ ಒಂದು ಹಾರ್ಮೋನಿಯಂ ಪೆಟ್ಟಿಗೆ, ಅನುಕೂಲವಿದ್ದರೆ ಚೆಂಡೆ. ಇತ್ತ ಅತ್ತ ಎದುರು ಬದರಾಗಿ ಅರ್ಥಧಾರಿಗಳು, ಉಟ್ಟ ಪಂಚೆಯಲ್ಲೇ. ಭಾಗವತರು ಪದ್ಯ ಹಾಡುತ್ತಾರೆ. ಅದು ಮುಗಿದೊಡನೆ ಕೃಷ್ಣನೋ ಕರ್ಣನೋ ಆದವನು ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹರಡುತ್ತಾನೆ. ಪದ್ಯ ಬರೆದಿಟ್ಟದ್ದು, ಮಾತು ಆ ಗಳಿಗೆಯದು. ಇಂದು ಸಂಧಾನದಲ್ಲಿ ಗೆದ್ದ ಕೌರವ ನಾಳೆ ಅದೇ ಪದ್ಯಕ್ಕೆ ಸೋಲಬಹುದು. ಪೂರ್ವಾಭ್ಯಾಸವೆಂಬುದಿಲ್ಲ, ಹತ್ತು ಜನರೆದುರು ಆಡಿದ್ದೇ ಅಭ್ಯಾಸ, ಅದೇ ಪ್ರದರ್ಶನ.

ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡಿನ ಕಡೆಯ ಸೋಮಸಮುದ್ರದಲ್ಲಿ ಲಕ್ಷ್ಮೀನಾರಾಯಣ ದೇವಾಲಯದ ಒಂದು ಶಾಸನವಿದೆ, ಕಾಲ ಕ್ರಿ.ಶ. 1556. ದೇವಸ್ಥಾನದಲ್ಲಿ ತಾಳಮದ್ದಳೆ ನಡೆಯಲೆಂದು ಆ ಕಲಾವಿದರಿಗೆ ಭೂಮಿ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಅಜಪುರದ, ಅಂದರೆ ಇಂದಿನ ಬ್ರಹ್ಮಾವರದ, ವಿಷ್ಣುವಿನ ‘ವಿರಾಟಪರ್ವ’ ಪ್ರಸಂಗವೂ ಆ ಕಾಲದ ಆಸುಪಾಸಿನದೇ. ಹಂಪೆಯ ಅರಸರ ಕೊನೆಗಾಲದಲ್ಲಿ, ಬಯಲುಸೀಮೆಯ ಒಂದು ಊರಿನಲ್ಲಿ, ದೇವರ ಮುಂದೆ ಕುಳಿತು ತಾಳ ಹಿಡಿದು ಹಾಡುವುದಕ್ಕೆ ಹೊಲ ಉಂಬಳಿಯಾಗಿ ಸಿಗುತ್ತಿತ್ತು. ಕಲೆಗೆ ದೊಡ್ಡ ಸಭೆಯೇ ಗೌರವವೆಂದು ಆಗಿನವರು ಎಣಿಸಿರಲಿಲ್ಲವೆನ್ನಲು ಇಷ್ಟು ಸಾಕು.

ಬಯಲುಸೀಮೆಯಲ್ಲಿ ಉಂಬಳಿಯಿಂದ ನಡೆದದ್ದು ನಮ್ಮ ಕರಾವಳಿಯಲ್ಲಿ ಮಳೆಯಿಂದ ನಡೆಯಿತು. ಹೊನ್ನಾವರ, ಕುಮಟೆಯ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ. ಬೇಸಿಗೆಯಲ್ಲಿ ಗದ್ದೆ ಬಯಲಿನಲ್ಲಿ ಆಡುವ ಮೇಳಗಳು ಮಳೆ ಹಿಡಿದೊಡನೆ ಗೆಜ್ಜೆ ಬಿಚ್ಚಿ ಪೆಟ್ಟಿಗೆ ಕಟ್ಟುತ್ತವೆ. ತೋಟದ ಮನೆಗಳು ಒಂದಕ್ಕೊಂದು ದೂರ. ನಡುವೆ ತುಂಬಿದ ಹಳ್ಳ. ನೆಟ್ಟಿ ಮುಗಿದು, ಅಡಿಕೆ ಕೊನೆಗೆ ಕೊಳೆರೋಗದ ಮದ್ದು ಹೊಡೆದಾದ ಮೇಲೆ ರಾತ್ರಿಗಳು ಉದ್ದವಾಗುತ್ತವೆ. ಭಾಗವತರಿಗೆ ಆಟವಿಲ್ಲ, ಒಕ್ಕಲಿಗೆ ಕೆಲಸವಿಲ್ಲ, ಜಗಲಿ ಖಾಲಿ ಇದೆ. ಇನ್ನೇನು ಬೇಕು? ಅರಸರಿಲ್ಲದ, ದೊಡ್ಡ ಪಟ್ಟಣವಿಲ್ಲದ ಸೀಮೆಯಲ್ಲಿ ಮಳೆಯೇ ಆಶ್ರಯದಾತನಾಯಿತು. ಸಣ್ಣ ಕೂಟ ನಮ್ಮ ಹಿರಿಯರು ಹಿಡಿದ ವ್ರತವೇನೂ ಅಲ್ಲ. ಅದು ಅವರ ಬದುಕಿನ ಅಳತೆ.

ನನ್ನ ಬಾಲ್ಯ ಕಳೆದದ್ದು ಕುಮಟೆ ತಾಲೂಕಿನ ಅಂಥದೊಂದು ಮನೆಯಲ್ಲಿ. ಕರೆಂಟು ಬಂದಿತ್ತು, ಆದರೆ ಆಷಾಢದ ಗಾಳಿಗೆ ಅದು ಉಳಿಯುತ್ತಿದ್ದುದು ಕಡಿಮೆ. ಲಾಟೀನಿನ ಬೆಳಕಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಕಂಬಳಿ ಹೊದ್ದು ಕುಳಿತಿರುತ್ತಿದ್ದರು. ನಡುವೆ ಕವಳದ ತಟ್ಟೆ. ಒಳಗಿನಿಂದ ಆಗಾಗ ಚಹ, ಸುಟ್ಟ ಹಲಸಿನ ಹಪ್ಪಳ. ಕರ್ಣನಾಗುತ್ತಿದ್ದವರು ನಮ್ಮ ಶಾಲೆಯ ಮಾಸ್ತರರು. ಶಲ್ಯನಾಗುತ್ತಿದ್ದವರು ಸೊಸೈಟಿಯಲ್ಲಿ ಸಕ್ಕರೆ ತೂಗುವವರು. ರಾತ್ರಿ ಕರ್ಣನಿಗೆ ಚುಚ್ಚಿ ಚುಚ್ಚಿ ಮಾತಾಡಿದ ಶಲ್ಯ ಮರುದಿನ ಬೆಳಿಗ್ಗೆ ಅದೇ ಮಾಸ್ತರರಿಗೆ ‘ಎರಡು ಕಿಲೋ ಸಾಕಾ?’ ಎಂದು ಕೇಳುವುದನ್ನು ಕಂಡು ನಾವು ಹುಡುಗರು ಬೆರಗಾಗುತ್ತಿದ್ದೆವು. ಪುರಾಣದವರು ನಮ್ಮೂರಿನಲ್ಲೇ ಇದ್ದಾರೆಂಬ ನಂಬಿಕೆ ನನಗೆ ಬಂದದ್ದು ಪುಸ್ತಕದಿಂದಲ್ಲ.

ಒಂದು ರಾತ್ರಿ ‘ಕರ್ಣಪರ್ವ’. ಮಳೆ ಹಂಚಿನ ಮೇಲೆ ಹೊಯ್ಯುತ್ತಿತ್ತು. ಭಾಗವತರ ಸ್ವರ ದೊಡ್ಡದಲ್ಲ. ಆದರೆ ಕರ್ಣನ ರಥದ ಗಾಲಿ ಹೂತ ಸಂದರ್ಭದ ಪದ್ಯವನ್ನು ಅವರು ಮಳೆಯ ಸದ್ದಿಗೆ ಪೈಪೋಟಿ ಮಾಡದೆ, ಅದರ ಕೆಳಗೆ ನುಸುಳಿಸಿದಂತೆ ಹಾಡಿದರು. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಒಬ್ಬ ಮುದುಕರು, ‘ಭಾಗವತ್ರೇ, ಅದನ್ನ ಇನ್ನೊಂದ್ಸಲ ಹೇಳಿ’ ಎಂದರು. ಭಾಗವತರು ಮತ್ತೆ ಹಾಡಿದರು. ಎರಡನೆಯ ಸಲ ಮೊದಲಿನದಕ್ಕಿಂತ ನಿಧಾನವಾಯಿತು. ಮದ್ದಳೆಗಾರ ಬೆರಳನ್ನು ಹಗುರ ಮಾಡಿದ. ಅರ್ಥ ಹೇಳಬೇಕಾಗಿದ್ದ ಮಾಸ್ತರರು ಸುಮಾರು ಹೊತ್ತು ಮಾತೇ ಆಡಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಪ್ಪಾಳೆ ಹೊಡೆಯುವ ಪದ್ಧತಿಯೇ ಅಲ್ಲಿರಲಿಲ್ಲ. ಆ ಎರಡನೆಯ ಸಲದ ಹಾಡು ಯಾರದು? ಹಾಡಿದ್ದು ಭಾಗವತರು; ಹಾಡಿಸಿದ್ದು ಮೂಲೆಯ ಮುದುಕರು. ಇದನ್ನೇ ನಾನು ಅರ್ಧ ಕೆಲಸ ಕೇಳುವವನದೆಂದು ಹೇಳಿದ್ದು.

ಹೀಗೆಂದು ಹಿಂದಿನದೆಲ್ಲ ಬಂಗಾರವೆಂದು ಹಾಡಿ ಹೊಗಳುವುದು ಸರಿಯಲ್ಲ. ಆ ಜಗಲಿ ಎಲ್ಲರದೂ ಆಗಿರಲಿಲ್ಲ. ನನ್ನ ಅಜ್ಜಿ ಒಂದು ದಿನವೂ ಅಲ್ಲಿ ಕುಳಿತವಳಲ್ಲ. ಬಾಗಿಲ ಹಿಂದೆ, ಚಹದ ಪಾತ್ರೆಯ ಪಕ್ಕದಲ್ಲಿ ಅವಳ ಸ್ಥಾನ. ಓದು ಬರಹ ಬಾರದ ಅವಳಿಗೆ ಐದಾರು ಪ್ರಸಂಗಗಳ ಪದ್ಯಗಳು ಕಂಠಪಾಠವಾಗಿದ್ದವು. ಬೆಳಗಿನ ಜಾವ ಭಾಗವತರು ಕೈಕಾಲು ತೊಳೆಯಲು ಹಿತ್ತಲಿಗೆ ಬಂದಾಗ, ‘ಸುಧನ್ವ ಹೊರಡೋ ಕಾಲಕ್ಕೆ ಒಂದು ಪದ್ಯ ಬಿಟ್ರಲ್ಲ’ ಎಂದು ಅವಳು ಕೇಳಿದ್ದೂ, ಭಾಗವತರು ನಕ್ಕು ‘ಹೌದು ಅತ್ತಿಗೆ, ನೀವು ಕೇಳ್ತಾ ಇದ್ರಿ ಅಂತ ಗೊತ್ತಿರ್ಲಿಲ್ಲ’ ಎಂದದ್ದೂ ನೆನಪಿದೆ. ತೋಟದ ಕೆಲಸದ ಆಳುಗಳು ಅಂಗಳದ ಮಾಡಿನಡಿಯಲ್ಲಿ ನಿಂತೇ ಕೇಳುತ್ತಿದ್ದರು. ಸಭೆಯಲ್ಲಿ ಇಪ್ಪತ್ತೈದು ಜನರೆಂದು ಮೇಲೆ ಹೇಳಿದೆನಲ್ಲ, ಬಾಗಿಲ ಹಿಂದಿನವರನ್ನೂ ಅಂಗಳದವರನ್ನೂ ಎಣಿಸಿದರೆ ನಲವತ್ತಾದೀತು. ಎಣಿಸುವ ಪದ್ಧತಿ ಇರಲಿಲ್ಲ, ಅಷ್ಟೆ.

ಅಂಗಳದವರಿಗೂ ಅವರದೇ ಕೂಟವಿತ್ತು. ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ತಂಡಗಳು ಹೋಳಿಯ ಹುಣ್ಣಿಮೆಯ ಹೊತ್ತಿಗೆ ತುರಾಯಿ ಕಟ್ಟಿ ಮನೆಯಿಂದ ಮನೆಗೆ ಬರುತ್ತವೆ. ಒಂದೊಂದು ಅಂಗಳವೂ ಒಂದೊಂದು ರಂಗ. ಜೊತೆಗೆ ಗುಮಟೆ, ಅಂದರೆ ಎರಡು ಕಡೆ ಬಾಯುಳ್ಳ ಮಣ್ಣಿನ ಕೊಡ. ಒಂದು ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಅದರ ಸ್ಥಾನಕ್ಕೆ ಬಂತು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತವರೆಂದು ಹೆಸರಾದರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡು ರಂಗಮಂಟಪಕ್ಕಾಗಿ ಹುಟ್ಟಿದ್ದಲ್ಲ. ನೆಟ್ಟಿಯ ಗದ್ದೆಗೆ, ಮದುವೆಯ ಚಪ್ಪರಕ್ಕೆ ಹುಟ್ಟಿದ್ದು. ಕುಮಟೆಯ ಡಾ. ಎಲ್. ಆರ್. ಹೆಗಡೆಯವರೂ ಹೊನ್ನಾವರದ ಡಾ. ಎನ್. ಆರ್. ನಾಯಕರೂ ಈ ಸೀಮೆಯ ಜನಪದ ಗೀತಗಳನ್ನು ಸಂಗ್ರಹಿಸಿದ್ದು ಹಾಡುವವರ ಬಳಿಗೆ ಹೋಗಿ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ಶಾಸ್ತ್ರಕ್ಕೂ ಬುನಾದಿ ಇಂಥ ಅಂಗಳವೇ.

ಸಣ್ಣ ಮೇಳದ ಹೆಜ್ಜೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1840ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಯ ಪಟವರ್ಧನ ಅರಸರ ಮುಂದೆ ಆಟವಾಡಿತು. ಅದು ಹೊನ್ನಾವರ ತಾಲೂಕಿನ ಕರ್ಕಿಯ ಮೇಳವೆಂದು ನಮ್ಮ ಕಡೆಯ ವಿದ್ವಾಂಸರ ಮತ. ಆಟ ನೋಡಿ ಮೆಚ್ಚಿದ ಚಿಂತಾಮಣರಾವ ಪಟವರ್ಧನರು, ಮರಾಠಿಯಲ್ಲಿ ಇಂಥದೊಂದನ್ನು ಕಟ್ಟೆಂದು ತಮ್ಮ ಆಶ್ರಿತ ವಿಷ್ಣುದಾಸ ಭಾವೆಗೆ ಹೇಳಿದರು. 1843ರ ನವೆಂಬರ 5ರಂದು ‘ಸೀತಾ ಸ್ವಯಂವರ’ ಸಾಂಗ್ಲಿಯಲ್ಲಿ ರಂಗವೇರಿತು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬವನ್ನು ಎಣಿಸುವುದು ಆ ದಿನದಿಂದ. ಅರಮನೆಯ ಒಂದು ಚೌಕಿಯಲ್ಲಿ ಕೆಲವರು ಹಾಡಿ ಕುಣಿದದ್ದು ಒಂದು ಭಾಷೆಯ ನಾಟಕ ಪರಂಪರೆಗೆ ಬೀಜವಾಯಿತು.

ಬೀಜ ಕೊಟ್ಟವರಿಗೆ ಫಲವೂ ಮರಳಿ ಬಂತು. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ದಿಂದ ಮೊದಲ್ಗೊಂಡು ಮರಾಠಿ ನಾಟ್ಯಸಂಗೀತ ಮೆರೆಯಿತು, ಅದರ ಗಾಳಿ ನಮ್ಮ ಬಂದರುಗಳಿಗೂ ಬೀಸಿತು. ಹಿಂದುಸ್ತಾನಿ ಸಂಗೀತದ ರುಚಿ ಹತ್ತಿತು. ಕುಮಟೆ, ಹೊನ್ನಾವರ, ಶಿರಸಿಯ ಕಡೆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ತಂಬೂರಿ ಮೀಟಿ, ಮೂವತ್ತು ಜನ ಬೆಳತನಕ ಕೇಳುವ ಬೈಠಕ್ ಇಂದಿಗೂ ಅಪರೂಪವಲ್ಲ. ತಾಳಮದ್ದಳೆ ಕೇಳಿ ಬಲಿತ ಕಿವಿಗೆ ಖಯಾಲಿನ ವಿಸ್ತಾರ ಅಪರಿಚಿತವೆನಿಸಲಿಲ್ಲ. ಇಲ್ಲಿಯೂ ಚೀಜು ಚಿಕ್ಕದು, ಬೆಳೆಸುವುದು ಆ ಗಳಿಗೆಯ ಮನೋಧರ್ಮ.

ಇದು ನಮ್ಮ ದೇಶದ ಮಾತೇ ಆಗಬೇಕಿಲ್ಲ. ವಿಯೆನ್ನಾ ನಗರದ ಶೂಬರ್ಟ್ ಎಂಬ ಸಂಗೀತಗಾರ ನೂರಾರು ಗೀತಗಳಿಗೆ ಸ್ವರ ಕಟ್ಟಿದ. ಅವುಗಳನ್ನು ಮೊದಲು ಕೇಳಿದವರು ಅವನ ಗೆಳೆಯರು. ಒಬ್ಬರ ಮನೆಯಲ್ಲಿ ಸಂಜೆ ಸೇರಿ ಅವನನ್ನು ಪಿಯಾನೋದ ಮುಂದೆ ಕೂರಿಸುತ್ತಿದ್ದರು. ಬರಿಯ ತನ್ನ ಕೃತಿಗಳದೇ ಸಾರ್ವಜನಿಕ ಕಚೇರಿಯನ್ನು ಅವನು ನಡೆಸಿದ್ದು ಬದುಕಿನಲ್ಲಿ ಒಂದೇ ಸಲ, 1828ರ ಮಾರ್ಚ್ 26ರಂದು. ಅದೇ ವರ್ಷದ ನವೆಂಬರಿನಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಹೋದ. ಇಂದು ಜಗತ್ತಿನ ದೊಡ್ಡ ದೊಡ್ಡ ಸಭಾಗೃಹಗಳಲ್ಲಿ ಮೊಳಗುವ ಅವನ ಗೀತಗಳನ್ನು ಹುಟ್ಟಿದಾಗ ಎತ್ತಿ ಆಡಿಸಿದ್ದು ಹತ್ತಾರು ಗೆಳೆಯರ ಒಂದು ಕೋಣೆ. ಆ ಕೋಣೆಯಿಲ್ಲದಿದ್ದರೆ ಈ ಸಭಾಗೃಹವೆಲ್ಲಿ?

ನಮ್ಮಲ್ಲಿಯೂ ಕೋಣೆಯಿಂದ ಸಭಾಗೃಹಕ್ಕೆ ದಾರಿ ತೆರೆಯಿತು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರು ವೇಷಕ್ಕೆ ಹೇಗೋ ಹಾಗೆ ತಾಳಮದ್ದಳೆಯ ಅರ್ಥಕ್ಕೂ ಹೆಸರಾದವರು. ಅವರ ಮಗ ಶಂಭು ಹೆಗಡೆಯವರ ಕಾಲದಲ್ಲಿ ಆ ಮೇಳ ದೇಶ ವಿದೇಶಗಳನ್ನು ಕಂಡಿತು. ಸ್ವಾತಂತ್ರ್ಯ ಬಂದ ಮೇಲೆ ಟಿಕೆಟ್ಟಿನ ಡೇರೆ ಮೇಳಗಳು ಬಂದವು; 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು; ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು; ಮುಂದೆ ಕ್ಯಾಸೆಟ್ಟುಗಳು ಬಂದವು. ಇದೆಲ್ಲ ಸಂತೋಷದ ಸಂಗತಿಯೇ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರಲ್ಲಿ ನಾನೂ ಒಬ್ಬ. ಅವರ ವಾಲಿ ರಾಮನನ್ನು ಕೇಳಿದ ಪ್ರಶ್ನೆಗಳನ್ನು ಇಂದಿಗೂ ತರಗತಿಯಲ್ಲಿ ನೆನೆಯುತ್ತೇನೆ.

ಆದರೆ ಕ್ಯಾಸೆಟ್ಟಿಗೆ ‘ಇನ್ನೊಂದ್ಸಲ ಹೇಳಿ’ ಎಂದರೆ ಅದು ಮೊದಲಿನಂತೆಯೇ ಹೇಳುತ್ತದೆ. ನಷ್ಟವೆಲ್ಲ ಇಷ್ಟರಲ್ಲೇ ಅಡಗಿದೆ. ಮೂಲೆಯ ಮುದುಕರಿಗಾಗಿ ಭಾಗವತರು ಮಾಡಿದ ಆ ನಿಧಾನವನ್ನು ಯಂತ್ರ ಮಾಡಲಾರದು. ಸಾವಿರ ಜನರ ಸಭೆಯಲ್ಲಿ ಭಾಗವತರಿಗೂ ಮಾಡಲಾಗದು, ಏಕೆಂದರೆ ಮುದುಕರು ಅಲ್ಲಿ ಕಾಣುವುದೇ ಇಲ್ಲ. ದೀಪಗಳೆಲ್ಲ ಹಾಡುವವರ ಕಣ್ಣಿಗೇ ಹೊಡೆಯುತ್ತಿರುತ್ತವೆ. ಅಲ್ಲಿ ಗೆಲ್ಲುವುದು ಎತ್ತರದ ಸ್ವರ, ಚುರುಕಿನ ಮಾತು. ಕೇಳುವವರಿಗೆ ಉಳಿಯುವ ಕೆಲಸ ಚಪ್ಪಾಳೆಯೊಂದೇ. ದೊಡ್ಡ ಸಭೆ ಕಲಾವಿದನಿಗೆ ಹೊಟ್ಟೆಗೆ ಕೊಡುತ್ತದೆ, ಹೆಸರು ಕೊಡುತ್ತದೆ; ಅದನ್ನು ತೆಗಳುವ ಅಧಿಕಾರ ತಿಂಗಳ ಸಂಬಳದ ನನಗಿಲ್ಲ. ಆದರೆ ಸಭೆಯಲ್ಲಿ ಕುಳಿತವರಿಗೆ ಒಳ್ಳೆಯದು ಯಾವುದು, ಸುಮಾರಾದದ್ದು ಯಾವುದೆಂದು ತಿಳಿಸಿಕೊಟ್ಟ ಶಾಲೆ ಜಗಲಿ. ದೊಡ್ಡ ರಂಗಸ್ಥಳಗಳು ಆ ಠೇವಣಿಯ ಬಡ್ಡಿಯಲ್ಲಿ ಇಷ್ಟು ಕಾಲ ಬದುಕಿವೆ. ಅಸಲು ಕರಗುತ್ತ ಬಂದಿದೆ.

ಕರಗಿದ ಕಾರಣಗಳು ಗೂಢವೇನಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಕುಮಟೆ, ಹೊನ್ನಾವರ, ಭಟ್ಕಳಗಳಿಂದ ಮುಂಬಯಿ ಒಂದು ರಾತ್ರಿಯ ದಾರಿಯಾಯಿತು. ಮಕ್ಕಳು ಬೆಂಗಳೂರಿಗೆ, ಅದರಾಚೆಗೆ ಹೋದರು. ದೊಡ್ಡ ಜಗಲಿಯ ಮನೆಗಳಲ್ಲಿ ಈಗ ಇಬ್ಬರು ವೃದ್ಧರು. ಎಷ್ಟೋ ಕಡೆ ಬೀಗ. ಕೂಟಕ್ಕೆ ಕರೆಯಲು ಜನ ಬೇಕು, ಚಹ ಕಾಸಲು ಕೈ ಬೇಕು. ಆ ಕೈ ಹಿಂದೆ ಯಾವಾಗಲೂ ಹೆಂಗಸರದೇ ಆಗಿತ್ತು. ಅವರು ಇಂದು ಆ ಕೆಲಸಕ್ಕೆ ಸಿಗದಿದ್ದರೆ ದೂರುವ ಹಾಗಿಲ್ಲ. ಬಾಗಿಲ ಹಿಂದೆ ನಿಂತವರು ಜಗಲಿಗೆ ಬಂದರೆಂದು ಸಂತೋಷಪಡುವುದೇ ನ್ಯಾಯ. ಮಹಿಳೆಯರದೇ ತಾಳಮದ್ದಳೆ ತಂಡಗಳು ಇಂದು ಊರೂರು ತಿರುಗುತ್ತಿವೆ. ಅಜ್ಜಿ ಬಾಗಿಲ ಹಿಂದೆ ಗುನುಗಿದ ಪದ್ಯಗಳನ್ನು ಮೊಮ್ಮಕ್ಕಳು ತಾಳ ಹಿಡಿದು ಹಾಡುತ್ತಿದ್ದಾರೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳು ಕಾಲೇಜಿನ ಒಂದು ಕೊಠಡಿಯಲ್ಲಿ ತಾಳಮದ್ದಳೆ ಇಟ್ಟುಕೊಂಡರು. ಮೊದಲಿಗೆ ಅರುವತ್ತು ಜನ, ಬಾಡಿಗೆಯ ಮೈಕು. ನಡುವೆ ಮಳೆಗೆ ಕರೆಂಟು ಹೋಯಿತು. ಬಸ್ಸಿನವರು ಎದ್ದು ಹೋದರು, ಕತ್ತಲಿಗೆ ಬೇಸತ್ತವರೂ ಹೋದರು. ಹದಿನೆಂಟು ಮಂದಿ ಉಳಿದೆವು. ಬೆಂಚುಗಳನ್ನು ಮುಂದಕ್ಕೆ ಎಳೆದುಕೊಂಡು, ಮೊಬೈಲಿನ ಬೆಳಕನ್ನು ಪ್ರಸಂಗದ ಪುಸ್ತಕದ ಮೇಲೆ ಹಿಡಿದೆವು. ಭಾಗವತಿಕೆಗೆ ಕುಳಿತಿದ್ದ ಹುಡುಗಿ ಮೈಕಿನಲ್ಲಿ ಅದುವರೆಗೆ ಕೂಗಿ ಹಾಡುತ್ತಿದ್ದಳು. ಈಗ ಸ್ವರ ಇಳಿಸಿದಳು. ಪದ್ಯದ ಮಾತುಗಳು ಮೊದಲ ಬಾರಿಗೆ ಕಿವಿಗೆ ಬಿದ್ದವು. ಅರ್ಥ ಹೇಳುತ್ತಿದ್ದ ಹುಡುಗ ತಡವರಿಸಿದಾಗ ಹಿಂದಿನ ಬೆಂಚಿನಿಂದ ಯಾರೋ ಒಂದು ಮಾತು ಎತ್ತಿಕೊಟ್ಟರು. ಅವನು ಅದನ್ನು ಹಿಡಿದು ದಾಟಿದ. ಅವರಾರಿಗೂ ಹಿಂದಿನ ಜಗಲಿಯ ಪರಿಚಯವಿರಲಿಲ್ಲ. ಹತ್ತಿರ ಕುಳಿತರೆಂಬ ಒಂದೇ ಕಾರಣಕ್ಕೆ ಅದರ ಗುಣ ಅವರಿಗೂ ಬಂತು.

ಆದುದರಿಂದ ಪಟ್ಟಣದ ಓದುಗರಲ್ಲಿ ನನ್ನದೊಂದು ಸಣ್ಣ ಬಿನ್ನಹ. ನಿಮ್ಮ ಬೀದಿಯಲ್ಲಿಯೇ ಹಾಡುವವರೊಬ್ಬರಿದ್ದಾರು. ವೀಣೆಯ ಮಾಸ್ತರರೋ, ಭಜನೆಯ ತಾಯಂದಿರೋ, ಊರು ಬಿಟ್ಟು ಬಂದ ಭಾಗವತರೋ. ವರ್ಷಕ್ಕೊಮ್ಮೆ ಅವರನ್ನು ನಿಮ್ಮ ನಡುಮನೆಗೆ ಕರೆಯಿರಿ. ಕುರ್ಚಿಗಳನ್ನು ಒಳಗಿಟ್ಟು ಚಾಪೆ ಹಾಸಿರಿ, ಮೈಕು ತರಿಸಬೇಡಿ, ಹಾಡಿದವರಿಗೆ ಶಾಲಿನ ಜೊತೆಗೆ ಸಂಭಾವನೆಯನ್ನೂ ಕೊಡಿ, ಏಕೆಂದರೆ ಮಳೆ ಮಾತ್ರ ನಂಬಿ ಬದುಕುವ ಕಾಲ ಅವರಿಗೂ ಇಲ್ಲ. ಚಹವನ್ನು ಈ ಸಲ ಗಂಡಸರೇ ಮಾಡಲಿ. ಹತ್ತೇ ಜನ ಬಂದರೆಂದು ಸಂಕೋಚಪಡಬೇಡಿ. ಯಾವುದೋ ಒಂದು ಸಾಲು ಮನಸ್ಸಿಗೆ ತಾಕಿದರೆ, ಸುಮ್ಮನಿರದೆ, ‘ಇನ್ನೊಂದು ಸಲ’ ಎಂದು ಕೇಳಿ.